ಗುಡ್ಡೆಯ ಹುಲ್ಲು ದಟ್ಟವಾಗಿದ್ದರೆ ಕಳೆಗೆಲ್ಲಿ ಜಾಗ?

(ಉಡುಪಿ ಜಿಲ್ಲೆಯ ಹೈನುಗಾರರ ಎದುರು ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕರೆಯುವಾಗಲೇ ನೀವು ಹೇಳಿದ್ದಿರಿ, ‘ಗುಡ್ಡೆಯಲ್ಲಿ ಕಳೆ ಜಾಸ್ತಿ ಆಗಿದೆ, ಏನು ಹೊಡೆಯಬೇಕು ಅಂತ ಹೇಳಿ’ ಎಂದು. ಹೊಡೆಯುವ ಮದ್ದಿನ ವಿಷಯಕ್ಕೂ ಬರುತ್ತೇನೆ. ಅದಕ್ಕೆ ಮೊದಲು ನೀವೇ ಒಂದು ಕೆಲಸ ಮಾಡಬೇಕು. ನಾಳೆ ಬೆಳಿಗ್ಗೆ ದನ ಬಿಡುವಾಗ ಗುಡ್ಡೆಯನ್ನು ಒಂದು ಸುತ್ತು ಬನ್ನಿ. ಕಮ್ಯುನಿಸ್ಟ್ ಗಿಡ, ಅಂದರೆ ಯುಪಟೋರಿಯಂ ಕಳೆ, ಎಲ್ಲೆಲ್ಲಿ ಎದ್ದಿದೆ ನೋಡಿ. ಜೆಸಿಬಿ ಮಣ್ಣು ಕೆರೆದು ಹೋದ ಅಂಚಿನಲ್ಲಿ ಇರುತ್ತದೆ. ಬೇಸಿಗೆಯಲ್ಲಿ ಬೆಂಕಿ ಬಿದ್ದ ಜಾಗದಲ್ಲಿ ಇರುತ್ತದೆ. ಅಕೇಶಿಯಾ ಕಡಿದು ಸಾಗಿಸಿದ ಜಾಗದಲ್ಲಿ ಇರುತ್ತದೆ. ದನ ದಿನವೂ ನಿಂತು, ತುಳಿದು, ನೆಲ ಬರಿದು ಮಾಡಿದ ತೊಡಮೆಯ (ಬೇಲಿ ದಾಟುವ ಗಂಡಿಯ) ಹತ್ತಿರ ಚಗಟೆ, ಮುಟ್ಟಿದರೆ ಮುನಿ ಇರುತ್ತವೆ. ಹತ್ತು ಹೆಜ್ಜೆ ಆಚೆ ಹುಲ್ಲು ದಟ್ಟವಾಗಿ, ನಾಲ್ಕಾರು ಜಾತಿ ಸೇರಿ ನೆಲ ಮುಚ್ಚಿದ ಕಡೆ ನೋಡಿ. ಅಲ್ಲಿ ಕಳೆ ಇಲ್ಲ ಎನ್ನುವ ಹಾಗಿಲ್ಲ, ಆದರೆ ಅಲ್ಲೊಂದು ಇಲ್ಲೊಂದು.

ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಕಳೆ ಬರುವುದು ನೆಲ ಖಾಲಿ ಇದ್ದಾಗ. ಬಗೆಬಗೆಯ ಹುಲ್ಲು, ಬಳ್ಳಿ, ಸಣ್ಣ ಗಿಡ ಸೇರಿ ಬೆಳೆದ ಮೇವಿನ ನೆಲದಲ್ಲಿ ಆ ಖಾಲಿ ಜಾಗ ಉಳಿಯುವುದಿಲ್ಲ. ಹಾಗಾಗಿ ಕೀಳುವ ಕೆಲಸದಷ್ಟೇ, ನಿಜ ಹೇಳಬೇಕೆಂದರೆ ಅದಕ್ಕಿಂತ ಹೆಚ್ಚು, ತುಂಬುವ ಕೆಲಸ ಮುಖ್ಯ.

ನಮ್ಮ ನೆಲದ ಸ್ವಭಾವ ಬೇರೆ ಕಡೆಯ ಹಾಗಲ್ಲ. ವರ್ಷಕ್ಕೆ ಹತ್ತಿರ ಹತ್ತಿರ 4,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಮೇಲೆ ಏಳೆಂಟು ತಿಂಗಳು ಬಿಸಿಲು. ಕೆಳಗೆ ಮುರಕಲ್ಲು, ಮೇಲೆ ಒಂದು ಗೇಣು ಮಣ್ಣಿದ್ದರೆ ಪುಣ್ಯ, ಪಾದೆಯ, ಅಂದರೆ ಬರಿ ಬಂಡೆಯ, ಮೇಲೆ ಅದೂ ಇಲ್ಲ. ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವರು ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯರು, 1807ರಲ್ಲಿ. ಅವರು 1801ರಲ್ಲಿ ನಮ್ಮ ಕರಾವಳಿಯಲ್ಲೂ ಓಡಾಡಿದ್ದರು. ಇಂಥ ಹುಳಿ ಮಣ್ಣಿನಲ್ಲಿ, ಇಂಥ ಮಳೆ ಮತ್ತು ಇಂಥ ಬಿಸಿಲು ಎರಡನ್ನೂ ತಾಳಿಕೊಂಡು ಬದುಕುವ ಹುಲ್ಲುಗಳು ತಾವಾಗಿಯೇ ಇಲ್ಲಿ ಬೆಳೆದಿವೆ. ಮಾಡಿಗೆ ಹೊದೆಸುತ್ತಿದ್ದ ಮುಳಿಹುಲ್ಲು ನಿಮಗೆ ಗೊತ್ತು. ಅದರ ಬುಡದಲ್ಲಿ ಗಿಡ್ಡ ಹುಲ್ಲುಗಳಿವೆ. ಅವುಗಳ ನಡುವೆ ನೆಲಕ್ಕೆ ಅಂಟಿಕೊಂಡು ಹರಿಯುವ, ಮೂರು ಪುಟ್ಟ ಎಲೆಯ ದ್ವಿದಳ ಬಳ್ಳಿಗಳಿವೆ. ನೀರು ನಿಲ್ಲುವ ತಗ್ಗಿನಲ್ಲಿ ಜೇಕು, ಒಂದೆಲಗ. ಅಂಚಿಗೆ ಕೇಪುಳ, ಕರಂಡೆ, ಕುಂಟಾಲ.

ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಪದವಿನ, ಅಂದರೆ ಗುಡ್ಡೆಯ ಮೇಲಿನ ಸಮತಟ್ಟು ಹುಲ್ಲುನೆಲದ, ಮೇಲೆ ನಡೆದರೆ ಕಾಲಿಡಲು ಬೇಸರವಾಗುವಷ್ಟು ಹೂ. ಹೊಸ್ತಿಲು ಪೂಜೆಗೆ ಹೂ ಕೊಯ್ಯಲು ಮಕ್ಕಳು ಹೋಗುತ್ತಿದ್ದದ್ದು ಇಂಥ ಜಾಗಕ್ಕೇ ಅಲ್ವಾ? ಆ ಹೂಗಳ ನಡುವೆ ನೀಲಿ ಬಣ್ಣದ ಪುಟ್ಟ ಹೂ ಬಿಡುವ ಒಂದು ಗಿಡ ನೀರಿನೊಳಗಿನ ಸೂಕ್ಷ್ಮ ಜೀವಿಗಳನ್ನು ಸಣ್ಣ ಚೀಲದಲ್ಲಿ ಹಿಡಿದು ತಿನ್ನುತ್ತದೆ. ಇನ್ನೊಂದು ತನ್ನ ಎಲೆಯ ಅಂಟಿನಲ್ಲಿ ಸಣ್ಣ ನೊಣಗಳನ್ನು ಹಿಡಿಯುತ್ತದೆ. ಮಣ್ಣಿನಲ್ಲಿ ಸಾರಜನಕ ಕಡಿಮೆ ಇರುವುದರಿಂದ ಅವು ಹೀಗೆ ಬದುಕಲು ಕಲಿತಿವೆ. ಈ ಮಾತನ್ನು ನೆನಪಿಡಿ, ಗೊಬ್ಬರದ ವಿಷಯ ಬಂದಾಗ ಬೇಕಾಗುತ್ತದೆ.

ಈಗ, ಜಾತಿ ಜಾಸ್ತಿ ಇದ್ದರೆ ಕಳೆ ಏಕೆ ಕಡಿಮೆಯಾಗುತ್ತದೆ? ಒಂದೇ ಜಾತಿ ಹುಲ್ಲಿಗೆ ಒಂದೇ ಆಳದ ಬೇರು, ಒಂದೇ ಹೊತ್ತಿನ ಬೆಳವಣಿಗೆ. ಅದು ಒಣಗುವ ಹೊತ್ತಿಗೆ ನೆಲಕ್ಕೆ ಬಿಸಿಲು ಬೀಳುತ್ತದೆ. ಬಿಸಿಲು ಬಿದ್ದ ಕಡೆ ಕಳೆಯ ಬೀಜ ಮೊಳೆಯುತ್ತದೆ. ನಾಲ್ಕಾರು ಜಾತಿ ಇದ್ದರೆ ಒಂದು ಮೊದಲ ಮಳೆಗೇ ಚಿಗುರುತ್ತದೆ, ಇನ್ನೊಂದು ಆಟಿಯಲ್ಲಿ (ಜುಲೈ-ಆಗಸ್ಟ್) ಏಳುತ್ತದೆ, ಮತ್ತೊಂದು ದೀಪಾವಳಿಯ ನಂತರವೂ ಹಸಿರಾಗಿರುತ್ತದೆ. ಒಂದರ ಬೇರು ಮೇಲೆ, ಒಂದರದ್ದು ಕಲ್ಲಿನ ಸಂದಿಯೊಳಗೆ. ದ್ವಿದಳ ಬಳ್ಳಿ ಗಾಳಿಯ ಸಾರಜನಕವನ್ನು ಬೇರಿನ ಗಂಟಿನಲ್ಲಿ ಹಿಡಿದಿಡುತ್ತದೆ, ಪಕ್ಕದ ಹುಲ್ಲಿಗೂ ಅದರ ಪಾಲು ಸಿಗುತ್ತದೆ. ಬೆಳಕು, ನೀರು, ಸಾರ ಮೂರನ್ನೂ ಯಾರಾದರೊಬ್ಬರು ಬಳಸುತ್ತಲೇ ಇರುತ್ತಾರೆ. ಹೊರಗಿನಿಂದ ಹಾರಿ ಬಂದ ಬೀಜಕ್ಕೆ ಉಳಿಯುವುದು ತೀರಾ ಕಡಿಮೆ.

ಇದು ಬರೀ ಊಹೆ ಅಲ್ಲ. ಯುರೋಪ್ ಮತ್ತು ಕೆನಡಾದಲ್ಲಿ 31 ಕಡೆ ಒಂದೇ ರೀತಿಯ ಪ್ರಯೋಗ ಮಾಡಿದರು. ಎರಡು ಹುಲ್ಲು, ಎರಡು ದ್ವಿದಳ. ಒಂದೊಂದನ್ನೇ ಬಿತ್ತಿದ ಪಟ್ಟಿ ಬೇರೆ, ಬೆರೆಸಿ ಬಿತ್ತಿದ ಪಟ್ಟಿ ಬೇರೆ. ಮೂರು ವರ್ಷ ನೋಡಿದಾಗ, ಒಂಟಿಯಾಗಿ ಕಳೆಯನ್ನು ಚೆನ್ನಾಗಿ ತಡೆಯುತ್ತಿದ್ದ ಬೆಳೆಗಿಂತಲೂ ಮಿಶ್ರಣದಲ್ಲಿ ಕಳೆ ಸರಾಸರಿ ಅರ್ಧದಷ್ಟಿತ್ತು. ಗಮನಿಸಿ, ಸೋತ ಬೆಳೆಯ ಜೊತೆಗಿನ ಹೋಲಿಕೆ ಅಲ್ಲ ಇದು, ಗೆದ್ದ ಬೆಳೆಯ ಜೊತೆಗಿನದ್ದು. ಬರೀ ನಾಲ್ಕು ಜಾತಿಗೇ ಇಷ್ಟು. ಅಲ್ಲಿಯ ಚಳಿಯ ಹುಲ್ಲು ಇಲ್ಲಿಗೆ ಬೇಡ, ಆ ಅಂಕಿಯೂ ಇಲ್ಲಿಗೆ ಹಾಗೇ ಹೊಂದುವುದಿಲ್ಲ. ಆದರೆ ಒಳಗಿನ ಕಾರಣ ಒಂದೇ.

ಇಲ್ಲಿ ಒಂದು ಎಚ್ಚರಿಕೆ. ಆಳೆತ್ತರ ಬೆಳೆದು ಬುಡ ಗಟ್ಟಿಯಾದ ಕಮ್ಯುನಿಸ್ಟ್ ಗಿಡವನ್ನು ಹುಲ್ಲಿನ ವೈವಿಧ್ಯ ಓಡಿಸುವುದಿಲ್ಲ. ಅದು ಹೊಸ ಸಸಿಯನ್ನು ತಡೆಯುತ್ತದೆ, ಹಳೆಯದನ್ನು ನೀವೇ ತೆಗೆಯಬೇಕು. ಇದನ್ನು ಹೇಳದೆ ‘ಹುಲ್ಲು ಬೆಳೆಸಿ, ಕಳೆ ತಾನೇ ಹೋಗುತ್ತದೆ’ ಎಂದರೆ ನಿಮಗೆ ಮೋಸ ಮಾಡಿದ ಹಾಗಾಗುತ್ತದೆ.

ಹುಲ್ಲು ದಟ್ಟವಾಗಿರುವುದೋ ಇಲ್ಲವೋ ಎಂಬುದು ಹೆಚ್ಚಾಗಿ ನಿರ್ಧಾರವಾಗುವುದು ನಾವು ಮೇಯಿಸುವ ರೀತಿಯಲ್ಲಿ. 1955ರಲ್ಲಿ ಅಮೆರಿಕದ ಕ್ರೈಡರ್ ಎಂಬ ವಿಜ್ಞಾನಿ ಒಂದು ಸರಳ ಪರೀಕ್ಷೆ ಮಾಡಿದರು. ಹುಲ್ಲಿನ ಎಲೆಯನ್ನು ಬೇರೆ ಬೇರೆ ಪ್ರಮಾಣದಲ್ಲಿ ಕತ್ತರಿಸಿ ಬೇರು ಏನು ಮಾಡುತ್ತದೆ ಎಂದು ನೋಡಿದರು. ಅರ್ಧದವರೆಗೆ ಕತ್ತರಿಸಿದರೆ ಬೇರಿಗೆ ಅಂಥ ತೊಂದರೆ ಇಲ್ಲ. ಶೇಕಡಾ 80ರಷ್ಟು ಕತ್ತರಿಸಿದರೆ ಬೇರಿನ ಬೆಳವಣಿಗೆ ಪೂರ್ತಿ ನಿಂತು ಹೋಗುತ್ತದೆ, ಸುಮಾರು ಹನ್ನೆರಡು ದಿನ. ಆ ಹನ್ನೆರಡು ದಿನದೊಳಗೆ ದನ ಅದೇ ಬುಡಕ್ಕೆ ಮತ್ತೆ ಬಾಯಿ ಹಾಕಿದರೆ? ಹೀಗೆ ತಿಂಗಳುಗಟ್ಟಲೆ ನಡೆದರೆ ಬೇರು ಮೋಟಾಗುತ್ತದೆ, ಬುಡ ಸಾಯುತ್ತದೆ, ನೆಲ ಬಾಯಿ ತೆರೆಯುತ್ತದೆ.

ಅದೂ ದನ ಎಲ್ಲವನ್ನೂ ಸಮನಾಗಿ ಮೇಯುವುದಿಲ್ಲ. ರುಚಿಯಾದದ್ದನ್ನು ಮೊದಲು, ಎಳೆಯದನ್ನು ಮತ್ತೆ ಮತ್ತೆ. ಬೇಡದ್ದನ್ನು ಮುಟ್ಟುವುದೇ ಇಲ್ಲ. ಒಳ್ಳೆಯ ಹುಲ್ಲು ಸೋಲುತ್ತದೆ, ತಿನ್ನದ ಗಿಡ ಗೆಲ್ಲುತ್ತದೆ. ನಾವು ‘ಕಳೆ ಬಂದು ಹುಲ್ಲು ಹೋಯಿತು’ ಎನ್ನುತ್ತೇವೆ. ಎಷ್ಟೋ ಕಡೆ ಹುಲ್ಲು ಮೊದಲು ಹೋಗಿದೆ, ಕಳೆ ಆಮೇಲೆ ಬಂದಿದೆ.

ಇದಕ್ಕೆ ದಾರಿ ದೊಡ್ಡದಲ್ಲ. ಮೊದಲ ಮಳೆಗೆ ಚಿಗುರಿದ ಕೂಡಲೇ ದನ ಬಿಡಬೇಡಿ. ಪತ್ತನಾಜೆ (ಮೇ ಕೊನೆಯ ಹೊತ್ತು) ಕಳೆದು ಮೂರು ನಾಲ್ಕು ವಾರ ತಡೆಯಿರಿ. ಒಣ ಬುಡದಲ್ಲಿ ಉಳಿದಿದ್ದ ಅಷ್ಟಿಷ್ಟು ಸತ್ವದಿಂದ ಆ ಚಿಗುರು ಬಂದಿರುತ್ತದೆ, ಅದನ್ನೂ ತಿನ್ನಿಸಿದರೆ ಬುಡಕ್ಕೆ ಏನೂ ಉಳಿಯುವುದಿಲ್ಲ. ಹುಲ್ಲು ಒಂದು ಗೇಣು ಬರಲಿ. ನಾಲ್ಕು ಬೆರಳು ಉಳಿದಾಗ ದನವನ್ನು ಅಲ್ಲಿಂದ ಎಬ್ಬಿಸಿ. ಗುಡ್ಡೆಯನ್ನು ಐದಾರು ಭಾಗ ಮಾಡಿಕೊಳ್ಳಿ, ಒಂದು ಭಾಗ ಮೇದ ಮೇಲೆ ಮಳೆಗಾಲದಲ್ಲಿ ಮೂರು ನಾಲ್ಕು ವಾರ ಅದಕ್ಕೆ ಬಿಡುವು ಕೊಡಿ. ಬೇಲಿಗೆ ದುಡ್ಡಿಲ್ಲದವರು ಹಗ್ಗ, ಗೂಟವನ್ನೇ ದಿನಾ ಬದಲಿಸಿದರೂ ಆಯಿತು. ಗೂಟ ಒಂದೇ ಕಡೆ ವಾರಗಟ್ಟಲೆ ಇರಬಾರದು, ಅಷ್ಟೇ.

ದನಗಳ ಲೆಕ್ಕವನ್ನೂ ಹಾಕಬೇಕು. ದನ ದಿನಕ್ಕೆ ತನ್ನ ತೂಕದ ಶೇಕಡಾ ಎರಡೂವರೆಯಿಂದ ಮೂರರಷ್ಟು ಒಣ ಮೇವು ತಿನ್ನುತ್ತದೆ. ನಮ್ಮ ಊರ ದನ, ಅಂದರೆ ಮಲೆನಾಡು ಗಿಡ್ಡ, ನೂರು ಕಿಲೋ ಆಸುಪಾಸು. ಅದಕ್ಕೆ ಒಣ ಲೆಕ್ಕದಲ್ಲಿ ಮೂರು ಕಿಲೋ ಸಾಕು. ಮಳೆಗಾಲದ ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ ಹಸಿ ಲೆಕ್ಕದಲ್ಲಿ ಹನ್ನೆರಡು ಕಿಲೋ ಎನ್ನಿ. ನಾಲ್ಕು ನೂರು ಕಿಲೋದ ಮಿಶ್ರ ತಳಿ ಹಸುವಿಗೆ ಇದರ ನಾಲ್ಕು ಪಟ್ಟು. ಅಂದರೆ ‘ಮೊದಲು ನಮ್ಮಲ್ಲಿ ಹತ್ತು ಊರ ದನ ಇತ್ತು, ಈಗ ಮಿಶ್ರ ತಳಿ ಮೂರೇ’ ಎಂದರೆ ಗುಡ್ಡೆಗೆ ಹೊರೆ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಭಾರದ ಹಸುವಿನ ಗೊರಸು ಜುಲೈ ತಿಂಗಳ ನೆನೆದ ಮಣ್ಣನ್ನು ಕಲಸಿ ಹಾಕುತ್ತದೆ, ಅದೂ ಒಂದು ಖಾಲಿ ಜಾಗವೇ. ಭೂಕಂದಾಯ ನಿಯಮದಲ್ಲಿ ಊರಿನ ನೂರು ದನಕ್ಕೆ 12 ಹೆಕ್ಟೇರ್ ಗೋಮಾಳ ಇರಬೇಕು ಎಂದಿದೆ. ನಮ್ಮ ಜಿಲ್ಲೆಯಲ್ಲಿ ಮೇವಿನ ನೆಲ ಎಂದರೆ ಹೆಚ್ಚಿನವರಿಗೆ ಕುಮ್ಕಿಯೇ, ವರ್ಗ ಜಾಗದ (ಪಟ್ಟಾ ಜಮೀನಿನ) ಸುತ್ತಿನ ನೂರು ಗಜದೊಳಗಿನ ಸರ್ಕಾರಿ ನೆಲ. ಅದರಲ್ಲಿ ಎಷ್ಟು ರಬ್ಬರ್, ಗೇರು, ಮನೆ ಆಗಿದೆ ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಉಳಿದ ತುಂಡಿನ ಮೇಲೆ ಎಲ್ಲ ಭಾರ ಬಿದ್ದಿದೆ. ಮಿಶ್ರ ತಳಿಗೆ ಹಟ್ಟಿಯ (ಕೊಟ್ಟಿಗೆಯ) ಬದಿಯಲ್ಲಿ ನೇಪಿಯರ್ ಹುಲ್ಲು ಬೆಳೆಸಿ ಕೊಯ್ದು ಹಾಕಿ, ಗುಡ್ಡೆಯನ್ನು ಊರ ದನಕ್ಕೂ ಕರುಗಳಿಗೂ ಬಿಡಿ. ನನಗೆ ಕಾಣುವ ಹೊಂದಾಣಿಕೆ ಇದು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಯಾವುದನ್ನು ತಿನ್ನಬೇಕು, ಯಾವುದನ್ನು ಬಿಡಬೇಕು ಎಂದು ಕರು ತಾಯಿಯ ಜೊತೆ ಮೇಯುತ್ತಾ ಕಲಿಯುತ್ತದೆ. ಹಟ್ಟಿಯಲ್ಲೇ ಬೆಳೆದ ಹಸುವನ್ನು ಒಂದು ದಿನ ಹಸಿದ ಹೊಟ್ಟೆಯಲ್ಲಿ ಗುಡ್ಡೆಗೆ ಬಿಟ್ಟರೆ ಅದಕ್ಕೆ ಏನೂ ಗೊತ್ತಿರುವುದಿಲ್ಲ. ಲಂಟಾನ ತಿಂದರೆ ಲಿವರ್ ಕೆಡುತ್ತದೆ, ಬಿಸಿಲಿಗೆ ಚರ್ಮ ಸುಟ್ಟ ಹಾಗೆ ಆಗುತ್ತದೆ, ಕಾಮಾಲೆ ಬರುತ್ತದೆ. ಅಂಥ ಹಸುವಿಗೆ ಮೊದಲು ಬೈಹುಲ್ಲು ಹಾಕಿ ಆಮೇಲೆ ಬಿಡಿ, ಗುಡ್ಡೆ ಗೊತ್ತಿರುವ ದನದ ಜೊತೆಗೆ ಬಿಡಿ.

ಈಗ ಕಮ್ಯುನಿಸ್ಟ್ ಗಿಡದ ಹತ್ತಿರ ಬರೋಣ. ಇದು ಅಮೆರಿಕ ಖಂಡದ ಗಿಡ. 19ನೇ ಶತಮಾನದಲ್ಲಿ ಕಲ್ಕತ್ತದ ಸಸ್ಯೋದ್ಯಾನದ ಮೂಲಕ ನಮ್ಮ ದೇಶಕ್ಕೆ ಬಂತು. ಎಳೆ ಎಲೆಯಲ್ಲಿ ನೈಟ್ರೇಟ್ ಜಾಸ್ತಿ, ದನ ಮುಟ್ಟುವುದಿಲ್ಲ. ನಮ್ಮಲ್ಲಿ ದೀಪಾವಳಿಯ ನಂತರ ಹೂ ಶುರು, ಬೇಸಿಗೆ ಏರುವ ಹೊತ್ತಿಗೆ ಬೀಜ ಒಣಗಿ ಗಾಳಿಗೆ ಹಾರುತ್ತದೆ. ಒಂದು ದೊಡ್ಡ ಗಿಡದಿಂದ ಸಾವಿರಾರು ಬೀಜ. ಕತ್ತಿಯಿಂದ ಸವರಿದರೆ ಬುಡದಿಂದ ನಾಲ್ಕು ಕವಲು ಎದ್ದು ಬರುತ್ತದೆ. ಬೆಂಕಿ ಕೊಟ್ಟರಂತೂ ಅದಕ್ಕೇ ಅನುಕೂಲ. ಒಣ ಕಡ್ಡಿ ಧಗಧಗ ಉರಿದು ಸುತ್ತಲಿನ ಹುಲ್ಲು, ಕರಂಡೆ ಸುಡುತ್ತದೆ, ಮಳೆ ಬಂದಾಗ ಬುಡದಿಂದ ಮೊದಲು ಏಳುವುದು ಅದೇ. ಮಾರ್ಚ್‌ನಲ್ಲಿ ಗುಡ್ಡೆಗೆ ಬೆಂಕಿ ಹಾಕುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಇಷ್ಟು ಗಟ್ಟಿಯಾಗಿ ಬೇರೆ ಯಾವುದನ್ನೂ ಇವತ್ತು ಕೇಳಿಕೊಳ್ಳುವುದಿಲ್ಲ.

ಅದರ ದೌರ್ಬಲ್ಯ ಎರಡು. ಸಸಿಗೆ ಬೆಳಕು ಬೇಕೇ ಬೇಕು, ದಟ್ಟ ಹುಲ್ಲಿನೊಳಗೆ ಅದು ಏಳಲಾರದು. ಮತ್ತೆ, ಜೂನ್, ಜುಲೈಯಲ್ಲಿ ಮಣ್ಣು ಮೆತ್ತಗಿರುವಾಗ ಹೊಸ ಸಸಿ ಕೈಯಲ್ಲಿ ಹಿಡಿದು ಎಳೆದರೆ ಬೇರು ಸಮೇತ ಬರುತ್ತದೆ. ಹಾಗಾಗಿ ಮಳೆ ಹಿಡಿದ ಮೇಲೆ ಎಳೆಯದನ್ನು ಕೀಳಿ. ಹಳೆಯ ಬುಡವನ್ನು ಪಿಕ್ಕಾಸಿನಲ್ಲಿ ಎಬ್ಬಿಸಿ. ಎಬ್ಬಿಸಲು ಆಗದಷ್ಟಿದ್ದರೆ ಎರಡು ಸಲ ಸವರಿ, ಮಳೆಯ ನಡುವೆ ಒಮ್ಮೆ, ಹೂ ಬರುವ ಮೊದಲು ಅಕ್ಟೋಬರ್‌ನಲ್ಲಿ ಇನ್ನೊಮ್ಮೆ. ಅಕ್ಟೋಬರ್‌ನದ್ದನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ. ಹೂ ಬಿಡದ ಸೊಪ್ಪನ್ನು ತೆಂಗಿನ, ಅಡಿಕೆಯ ಬುಡಕ್ಕೆ ಹಾಕಿ, ಬೇಗ ಕೊಳೆಯುತ್ತದೆ, ಒಳ್ಳೆಯ ಗೊಬ್ಬರ. ಹಿಂದೆ ಗದ್ದೆಗೂ ಹಾಕುತ್ತಿದ್ದರು.

ಕಿತ್ತ ಜಾಗವನ್ನು ಹಾಗೇ ಬಿಟ್ಟರೆ ಮುಂದಿನ ವರ್ಷ ಅದೇ ಗಿಡ ಅಲ್ಲೇ. ಕಿತ್ತ ದಿನವೇ ಪಕ್ಕದ ಹುಲ್ಲಿನ ಬುಡ ಒಡೆದು ಅಲ್ಲಿ ನೆಡಿ. ಒಂದು ಅಡಿಗೆ ಒಂದು ಬುಡ ಸಾಕು, ಮಳೆಗೆ ಹಿಡಿದುಕೊಳ್ಳುತ್ತದೆ. ಆ ತುಂಡಿಗೆ ಆ ವರ್ಷ ದನ ಬೇಡ.

ಮುಟ್ಟಿದರೆ ಮುನಿಯ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ. ಅದೂ ದ್ವಿದಳ, ಎಳೆಯದನ್ನು ದನ, ಆಡು ಅಷ್ಟಿಷ್ಟು ತಿನ್ನುತ್ತವೆ. ಅತಿಯಾದರೆ ಒಳ್ಳೆಯದಲ್ಲ. ಅದು ಹಬ್ಬಿದೆ ಎಂದರೆ ಅಲ್ಲಿ ಅತಿಯಾಗಿ ಮೇಯಿಸಿದ್ದೇವೆ ಎಂದು ತಿಳಿಯಬಹುದು. ಅದೇ ಕುಲದ ದೊಡ್ಡ ಗಿಡ, ಕಂಡದ್ದರ ಮೇಲೆಲ್ಲ ಹತ್ತಿ ಮುಳ್ಳಿನ ಪೊದೆ ಕಟ್ಟುತ್ತದಲ್ಲ, ಅದನ್ನು ಮಾತ್ರ ಒಂದು ಕಂಡರೂ ಬಿಡಬೇಡಿ. ಚಗಟೆಯನ್ನು ಎಳೆಯದಾಗಿರುವಾಗ ನೀವೇ ಪಲ್ಯ ಮಾಡುತ್ತೀರಿ, ಬೀಜ ಕಟ್ಟುವ ಮೊದಲು ಸವರಿದರೆ ಮುಗಿಯಿತು. ಪಾರ್ಥೇನಿಯಂ ನಮ್ಮ ಮಳೆಯಲ್ಲಿ ಘಟ್ಟದ ಮೇಲಿನಷ್ಟು ಇಲ್ಲ. ಅದನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು, ಅದು ಹಲವು ಕಡೆ ನೆಲೆ ನಿಂತಿದೆ. ಆದರೂ ಹೊರಗಿನಿಂದ ಲಾರಿಯಲ್ಲಿ ಬರುವ ಬೈಹುಲ್ಲಿನ ಜೊತೆ ಅದರ ಬೀಜ ಬರಬಹುದು, ಹುಲ್ಲು ಇಳಿಸಿದ ಜಾಗದ ಮೇಲೆ ಕಣ್ಣಿಡಿ. ಸಗಣಿಯಲ್ಲೂ ಕಳೆಯ ಬೀಜ ಬರುತ್ತದೆ. ಹೊಸದಾಗಿ ಕೊಂಡು ತಂದ ದನವನ್ನು ಒಂದು ವಾರ ಹಟ್ಟಿಯಲ್ಲೇ ಕಟ್ಟಿ, ಆ ಸಗಣಿ ಗೊಬ್ಬರ ಗುಂಡಿಯಲ್ಲಿ ಚೆನ್ನಾಗಿ ಬಿಸಿಯಾಗಿ ಕೊಳೆಯಲಿ.

ಮದ್ದಿನ ವಿಷಯ. ಗ್ಲೈಫೋಸೇಟ್ ಎಂಬ ಕಳೆನಾಶಕ ಹಸಿರಾದದ್ದನ್ನೆಲ್ಲ ಒಣಗಿಸುತ್ತದೆ, ಹುಲ್ಲನ್ನೂ. ಟೂ-ಫೋರ್-ಡಿ ಎಂಬ ಇನ್ನೊಂದು ಹುಲ್ಲನ್ನು ಬಿಟ್ಟು ಅಗಲ ಎಲೆಯದನ್ನು ಕೊಲ್ಲುತ್ತದೆ. ಕೇಳಲು ಚೆನ್ನಾಗಿದೆ, ಆದರೆ ನಮ್ಮ ಮೂರೆಲೆಯ ಬಳ್ಳಿಯೂ ಅಗಲ ಎಲೆಯದೇ. ಗುಡ್ಡೆಗೆ ಸಾರಜನಕ ತರುತ್ತಿದ್ದ ಗಿಡವನ್ನೇ ಕಳೆದುಕೊಂಡು, ಹುಲ್ಲಿನ ನಡುವೆ ಖಾಲಿ ಜಾಗ ಮಾಡಿಕೊಂಡ ಹಾಗಾಗುತ್ತದೆ. ದನ ಮೇಯುವ, ಮಳೆ ನೀರು ಇಳಿದು ಬಾವಿಗೆ ಹೋಗುವ ಗುಡ್ಡೆಗೆ ಪೂರ್ತಿ ಮದ್ದು ಹೊಡೆಯುವುದನ್ನು ನಾನು ಒಪ್ಪುವುದಿಲ್ಲ.

ಗೊಬ್ಬರದ ಬಗ್ಗೆಯೂ ಹೇಳಬೇಕು. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1856ರಲ್ಲಿ ಶುರುವಾದ ಹುಲ್ಲುಗಾವಲಿನ ಪ್ರಯೋಗ ಇವತ್ತಿಗೂ ನಡೆಯುತ್ತಿದೆ. ಏನೂ ಗೊಬ್ಬರ ಹಾಕದ ತುಂಡಿನಲ್ಲಿ ಸುಮಾರು ನಲವತ್ತು ಜಾತಿ ಸಸ್ಯ. ವರ್ಷವೂ ಅಮೋನಿಯಂ ಸಲ್ಫೇಟ್ ಹಾಕಿ, ಸುಣ್ಣ ಹಾಕದೆ ಬಿಟ್ಟ ತುಂಡಿನಲ್ಲಿ ಎರಡು ಮೂರು. ಸಾರಜನಕ ಹೆಚ್ಚಾದರೆ ಜೋರಾಗಿ ಬೆಳೆಯುವ ಒಂದೆರಡು ಜಾತಿ ಉಳಿದವನ್ನೆಲ್ಲ ನೆರಳಿನಲ್ಲಿ ಮುಚ್ಚಿಬಿಡುತ್ತವೆ, ಮಣ್ಣೂ ಹುಳಿಯಾಗುತ್ತದೆ. ಹೊಟ್ಟೆಗಿಲ್ಲದ ಮಣ್ಣಿನಲ್ಲಿ ಹುಳ ಹಿಡಿದು ಬದುಕುವ ಆ ನೀಲಿ ಹೂವಿನ ಗಿಡ ಯೂರಿಯಾ ಬಿದ್ದ ಪದವಿನಲ್ಲಿ ಉಳಿಯುತ್ತದೆಯೇ? ಹಟ್ಟಿ ತೊಳೆದ ಸ್ಲರಿ, ಯೂರಿಯಾ ನೇಪಿಯರ್‌ಗೆ ಹೋಗಲಿ, ಪದವಿಗೆ ಬೇಡ.

ಕೊನೆಗೆ ಕೆಲವರು ಪ್ರಶ್ನೆ ಕೇಳಿದರು.

‘ಖಾಲಿ ಗುಡ್ಡೆ ಸುಮ್ನೆ ಬಿದ್ದಿದೆ, ಅಕೇಶಿಯಾ ಹಾಕಿದರೆ ಆದಾಯವಾದರೂ ಬರುತ್ತದಲ್ಲ?’ ಎಂದು ಒಬ್ಬರು ಕೇಳಿದರು. ಆದಾಯ ಬರುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಅದರ ಕೆಳಗೆ ದಪ್ಪನೆ ತರಗೆಲೆ ಬಿದ್ದು ಬೇಗ ಕೊಳೆಯದೆ ಕೂರುತ್ತದೆ, ಹುಲ್ಲು ಹೋಗುತ್ತದೆ. ಮರ ಕಡಿದ ವರ್ಷ ಆ ಬರಿ ನೆಲಕ್ಕೆ ಬರುವುದು ಕಮ್ಯುನಿಸ್ಟ್ ಗಿಡ ಮತ್ತು ಅಕೇಶಿಯಾದ್ದೇ ಸಾವಿರ ಸಸಿ. ಹುಲ್ಲಿರುವ ಪದವು ಖಾಲಿ ಅಲ್ಲ. ಅದಕ್ಕೆ ಮರ ಹಾಕಬೇಡಿ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ.

‘ಸ್ಟೈಲೋ ಬಿತ್ತಬಹುದಾ?’ ಎಂದು ಇನ್ನೊಬ್ಬರು. ಬಿತ್ತಬಹುದು, ಹುಳಿ ಮಣ್ಣಿಗೂ ಬಿಸಿಲಿಗೂ ಅದು ತಡೆಯುತ್ತದೆ, ದ್ವಿದಳವಾದ್ದರಿಂದ ಮೇವಿನ ಸತ್ವ ಹೆಚ್ಚು. ಬೀಜವನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ಬಿತ್ತಿದರೆ ಮೊಳಕೆ ಚೆನ್ನಾಗಿ ಬರುತ್ತದೆ. ಆದರೆ ಕೆಟ್ಟು ಹೋದ ಜಾಗಕ್ಕೆ ಮಾತ್ರ, ತೆಂಗಿನ ತೋಟದ ಅಂಚಿಗೆ, ಕಳೆ ಕಿತ್ತ ತುಂಡಿಗೆ. ಒಳ್ಳೆಯ ಹುಲ್ಲಿರುವ ಪದವಿಗೆ ಹೊರಗಿನ ಗಿಡ ಏಕೆ? ಯಾವ ತಳಿ, ಎಷ್ಟು ಬೀಜ ಎಂದು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಹಿಂದೆ ಕೂತಿದ್ದ ಒಬ್ಬರು ಅಕ್ಕ ಕೇಳಿದ್ದು ನನಗೆ ತುಂಬ ಇಷ್ಟವಾಯಿತು. ‘ಊರ ಹುಲ್ಲಿನ ಬೀಜ ಅಂಗಡಿಯಲ್ಲಿ ಸಿಗುವುದಿಲ್ಲವಲ್ಲ, ಎಲ್ಲಿಂದ ತರುವುದು?’ ಅಕ್ಕಾ, ಪಕ್ಕದ ಒಳ್ಳೆಯ ಗುಡ್ಡೆಯಿಂದಲೇ. ಅಕ್ಟೋಬರ್ ಕೊನೆ, ನವೆಂಬರ್ ಹೊತ್ತಿಗೆ ಹುಲ್ಲಿನ ತೆನೆ ಹಣ್ಣಾಗುತ್ತದೆ. ತೆನೆಯನ್ನು ಅಂಗೈಯಲ್ಲಿ ತಿಕ್ಕಿದರೆ ಬೀಜ ಉದುರುವ ಹಾಗಿರಬೇಕು. ಆಗ ಒಂದು ಪಟ್ಟಿ ಕೊಯ್ಯಿರಿ, ಪೂರ್ತಿ ಗುಡ್ಡೆ ಬೇಡ, ಮೂರರಲ್ಲಿ ಒಂದು ಪಾಲು ಸಾಕು. ಕೊಯ್ಯುವ ಜಾಗದಲ್ಲಿ ಕಮ್ಯುನಿಸ್ಟ್ ಗಿಡ ಇಲ್ಲ ಎಂದು ಮೊದಲು ನೋಡಿಕೊಳ್ಳಿ. ನೆರಳಿನಲ್ಲಿ ಒಣಗಿಸಿ, ಕಟ್ಟು ಮಾಡಿ, ಇಲಿ ಮುಟ್ಟದ ಹಾಗೆ ಅಟ್ಟದ ಮೇಲಿಡಿ. ಮೇ ಕೊನೆಯಲ್ಲಿ, ಮಳೆಗೆ ಸ್ವಲ್ಪ ಮುಂಚೆ, ಕಳೆ ಕಿತ್ತ ಜಾಗದ ಮಣ್ಣನ್ನು ಹಾರೆಯಿಂದ ಮೇಲೆ ಮೇಲೆ ಕೆರೆದು ಆ ಹುಲ್ಲನ್ನು ತೆನೆ ಸಮೇತ ತೆಳುವಾಗಿ ಹರಡಿ. ಕೆಳಗಿನ ಮಣ್ಣು ಅಲ್ಲಲ್ಲಿ ಕಾಣುವಷ್ಟು ತೆಳುವಾಗಿರಲಿ, ದಪ್ಪವಾದರೆ ಮೊಳಕೆ ಉಸಿರು ಕಟ್ಟುತ್ತದೆ. ಹುಲ್ಲು ಜೋರು ಮಳೆಗೆ ಮಣ್ಣು ಕೊಚ್ಚದ ಹಾಗೆ ತಡೆಯುತ್ತದೆ, ಬೀಜ ಅದರ ಕೆಳಗೆ ಮೊಳೆಯುತ್ತದೆ. ಇಳಿಜಾರಾದರೆ ಮೇಲೆ ಒಂದಿಷ್ಟು ಕೊಂಬೆ ಅಡ್ಡ ಹಾಕಿ. ಆ ವರ್ಷ ದನ ಬಿಡಬೇಡಿ, ನವೆಂಬರ್‌ನಲ್ಲಿ ತೆನೆ ಉದುರಿದ ಮೇಲೆ ಕೊಯ್ದುಕೊಳ್ಳಿ. ಎರಡನೆಯ ಮಳೆಗಾಲದಲ್ಲಿ ಹುಲ್ಲು ಒಂದು ಗೇಣು ದಾಟಿದಾಗ ಮೊದಲು ಕರುಗಳನ್ನು ಬಿಡಿ, ದೊಡ್ಡ ದನಗಳನ್ನು ಆಮೇಲೆ.